ಓದುಗರ ಪ್ರಶ್ನೆ, ನಮ್ಮ ಉತ್ತರ: ಸೂರ್ಯನನ್ನು ಕಲ್ಲೆಂದವನು, ಗ್ರಹಣಕ್ಕೆ ಕಾದು ಕುಳಿತ ಸೇನಾಪತಿ

ಎರಡು ಸಂಚಿಕೆಗಳ ಹಿಂದೆ ಸಾಕ್ರೆಟಿಸನ ವಿಚಾರಣೆಯ ಬಗ್ಗೆ ಬಂದ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ಅವನಿಗಿಂತ ಒಂದು ತಲೆಮಾರು ಮೊದಲೇ ಅಥೆನ್ಸ್ ನಗರವು ಅನಾಕ್ಸಾಗೊರಸ್ ಎಂಬ ತತ್ತ್ವಜ್ಞಾನಿಯನ್ನು ದೈವದ್ರೋಹದ ಆರೋಪದ ಮೇಲೆ ಕಳೆದುಕೊಂಡಿತ್ತು ಎಂದು ಒಂದೇ ವಾಕ್ಯದಲ್ಲಿ ಬರೆದು ಮುಂದೆ ಹೋಗಿದ್ದೆ. ಆ ವಾಕ್ಯವನ್ನೇ ಹಿಡಿದು ಹಲವರು ಪತ್ರ ಬರೆದಿದ್ದಾರೆ. ಒಂದಕ್ಕೊಂದು ತಾಗಿಕೊಂಡಿರುವ ಏಳು ಪ್ರಶ್ನೆಗಳನ್ನು ಆರಿಸಿಕೊಂಡು ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಅನಾಕ್ಸಾಗೊರಸ್ ಹೇಳಿದ್ದಾದರೂ ಏನು? ಸೂರ್ಯನನ್ನು ಕಲ್ಲು ಎಂದ ಮಾತ್ರಕ್ಕೆ ಒಬ್ಬನನ್ನು ಊರು ಬಿಡಿಸಿದರೆಂದರೆ ನಂಬಬಹುದೆ? (ಧಾರವಾಡದ ಓದುಗರೊಬ್ಬರು)

ಅನಾಕ್ಸಾಗೊರಸ್ ಹುಟ್ಟಿದ್ದು ಕ್ರಿ.ಪೂ. 500ರ ಸುಮಾರಿಗೆ, ಇಂದಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿದ್ದ ಕ್ಲಜೊಮೆನೆ ಎಂಬ ಗ್ರೀಕ್ ಪಟ್ಟಣದಲ್ಲಿ. ಅಲ್ಲಿಂದ ಅಥೆನ್ಸಿಗೆ ಬಂದು ಬಹುಕಾಲ ನೆಲೆಸಿದ ಅವನು ನಗರದ ಅಗ್ರನಾಯಕ ಪೆರಿಕ್ಲೀಸನಿಗೆ ಗುರುವೂ ಒಡನಾಡಿಯೂ ಆದ. ಸೂರ್ಯನೆಂದರೆ ಕಾದು ಕೆಂಪಾದ ಕಲ್ಲಿನ ಮುದ್ದೆ, ಅದು ದಕ್ಷಿಣ ಗ್ರೀಸಿನ ಪೆಲೊಪೊನೀಸ್ ಪ್ರಾಂತ್ಯಕ್ಕಿಂತಲೂ ದೊಡ್ಡದು ಎಂದು ಅವನು ಹೇಳಿದ. ಚಂದ್ರ ಮಣ್ಣಿನಿಂದಾದದ್ದು, ಅದರ ಮೇಲೆ ಬಯಲುಗಳೂ ಕಂದರಗಳೂ ಇವೆ, ಅದರ ಬೆಳಕು ಸ್ವಂತದ್ದಲ್ಲ, ಸೂರ್ಯನಿಂದ ಪಡೆದದ್ದು ಎಂದೂ, ಚಂದ್ರನು ಸೂರ್ಯನಿಗೆ ಅಡ್ಡ ಬಂದಾಗ ಸೂರ್ಯಗ್ರಹಣವಾಗುತ್ತದೆ, ಭೂಮಿ ಅಡ್ಡವಾದಾಗ ಚಂದ್ರಗ್ರಹಣವಾಗುತ್ತದೆ ಎಂದೂ ಹೇಳಿದ. ಸೂರ್ಯನ ಅಳತೆಯನ್ನು ಒಂದು ಪ್ರಾಂತ್ಯಕ್ಕೆ ಹೋಲಿಸಿದ್ದು ಇಂದು ನಮಗೆ ಬಹಳ ಚಿಕ್ಕದಾಗಿ ಕಾಣಬಹುದು. ಆದರೆ ಆಕಾಶದ ವಸ್ತುವೊಂದನ್ನು ನೆಲದ ಅಳತೆಗೋಲಿನಿಂದ ಅಳೆಯಬಹುದು ಎಂಬ ಎದೆಗಾರಿಕೆಯೇ ಅಲ್ಲಿ ಹೊಸದು.

ಕ್ರಿ.ಪೂ. 467ರ ಸುಮಾರಿಗೆ ಈಗೋಸ್‌ಪೊಟಮಿ ಎಂಬಲ್ಲಿ ಆಕಾಶದಿಂದ ಒಂದು ದೊಡ್ಡ ಕಲ್ಲು ಬಿತ್ತು. ಐದು ಶತಮಾನಗಳ ನಂತರ ರೋಮಿನ ಪ್ಲಿನಿ, ಆ ಕಲ್ಲು ಒಂದು ಬಂಡಿಯ ಹೇರಿನಷ್ಟು ದೊಡ್ಡದೆಂದೂ ಕಂದು ಬಣ್ಣದ್ದೆಂದೂ ತನ್ನ ಕಾಲದಲ್ಲೂ ಅದನ್ನು ಜನರಿಗೆ ತೋರಿಸುತ್ತಿದ್ದರೆಂದೂ ಬರೆದಿದ್ದಾನೆ. ಅನಾಕ್ಸಾಗೊರಸ್ ಇದನ್ನು ಮೊದಲೇ ನುಡಿದಿದ್ದ ಎಂಬ ಕತೆ ಆಮೇಲೆ ಹಬ್ಬಿತು. ಯಾವ ದಿನ ಎಲ್ಲಿ ಕಲ್ಲು ಬೀಳುತ್ತದೆಂದು ಅಂದು ಯಾರೂ ಲೆಕ್ಕ ಹಾಕಿ ಹೇಳಲಾಗುತ್ತಿರಲಿಲ್ಲವಾದ್ದರಿಂದ ಆ ಕತೆಯನ್ನು ಪಕ್ಕಕ್ಕಿಡಬಹುದು. ಆದರೆ ಮೇಲಿರುವುದೂ ಕೆಳಗಿರುವುದೂ ಒಂದೇ ದ್ರವ್ಯ ಎನ್ನುತ್ತಿದ್ದವನ ಮಾತಿಗೆ ಆ ಕಲ್ಲು ಎಲ್ಲರೂ ಮುಟ್ಟಿ ನೋಡಬಹುದಾದ ಸಾಕ್ಷಿಯಾಗಿ ನಿಂತಿತು ಎಂಬುದರಲ್ಲಿ ಅನುಮಾನವಿಲ್ಲ.

ಈಗ ನಿಮ್ಮ ಪ್ರಶ್ನೆಯ ಎರಡನೆಯ ಭಾಗ. ಗ್ರೀಕರ ಮತಾಚಾರಕ್ಕೆ ಒಂದು ಧರ್ಮಗ್ರಂಥವಿರಲಿಲ್ಲ, ಎಲ್ಲರೂ ಒಪ್ಪಲೇಬೇಕಾದ ಸಿದ್ಧಾಂತಗಳ ಪಟ್ಟಿಯಿರಲಿಲ್ಲ, ನಂಬಿಕೆಯನ್ನು ಕಾವಲು ಕಾಯುವ ಪೀಠವೂ ಇರಲಿಲ್ಲ. ಬಲಿ, ಹಬ್ಬ, ಮೆರವಣಿಗೆ, ಹರಕೆಗಳನ್ನು ತಪ್ಪದೆ ನಡೆಸುವುದೇ ದೈವಭಕ್ತಿಯಾಗಿತ್ತು. ದೈವದ್ರೋಹವು ಕಾನೂನಿನಲ್ಲಿ ಅಪರಾಧವಾಗಿದ್ದರೂ ಯಾವುದು ದೈವದ್ರೋಹ ಎಂಬುದನ್ನು ಕಾನೂನು ಬಿಡಿಸಿ ಹೇಳಿರಲಿಲ್ಲ. ಯಾವ ನಾಗರಿಕ ಬೇಕಾದರೂ ದೂರು ಕೊಡಬಹುದಿತ್ತು, ನೂರಾರು ಜನರ ನ್ಯಾಯಮಂಡಳಿ ಮತ ಹಾಕಿ ತೀರ್ಮಾನಿಸುತ್ತಿತ್ತು. ಹಾಗಾಗಿ ಒಬ್ಬ ಚಿಂತಕ ವರ್ಷಗಟ್ಟಲೆ ಏನನ್ನು ಹೇಳಿಕೊಂಡಿದ್ದರೂ ಯಾರ ಗಮನಕ್ಕೂ ಬಾರದೆ ಹೋಗಬಹುದಿತ್ತು, ಅದೇ ಮಾತು ಒಂದು ದಿನ ಇದ್ದಕ್ಕಿದ್ದಂತೆ ಮೊಕದ್ದಮೆಯೂ ಆಗಬಹುದಿತ್ತು.

ಮಹಾಪುರುಷರ ಜೀವನಚರಿತ್ರೆಗಳನ್ನು ಬರೆದ ಗ್ರೀಕ್ ಲೇಖಕ ಪ್ಲುಟಾರ್ಕನ ಪ್ರಕಾರ, ಡಿಯೊಪೀಥೀಸ್ ಎಂಬವನು ದೈವಿಕ ಸಂಗತಿಗಳನ್ನು ಮನ್ನಿಸದವರನ್ನೂ ಆಕಾಶದ ವಿದ್ಯಮಾನಗಳ ಬಗ್ಗೆ ಪಾಠ ಹೇಳುವವರನ್ನೂ ವಿಚಾರಣೆಗೆ ಗುರಿಪಡಿಸುವ ನಿರ್ಣಯವೊಂದನ್ನು ತಂದ. ಪೆರಿಕ್ಲೀಸನ ಸಂಗಾತಿ ಅಸ್ಪಾಸಿಯಾ ಮತ್ತು ಅವನ ಸ್ನೇಹಿತ ಶಿಲ್ಪಿ ಫಿಡಿಯಾಸ್ ಇವರ ಮೇಲೂ ಆರೋಪಗಳು ಬಂದ ಕಾಲವದು. ಅನಾಕ್ಸಾಗೊರಸನ ವಿಚಾರಣೆಯ ವಿವರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕ್ಲಿಯಾನ್ ಎಂಬ ರಾಜಕಾರಣಿ ದೂರು ಕೊಟ್ಟನೆಂದೂ ಐದು ಟ್ಯಾಲೆಂಟ್ (ಅಂದಿನ ಲೆಕ್ಕದಲ್ಲಿ ಬಹು ದೊಡ್ಡ ಮೊತ್ತ) ದಂಡ ಮತ್ತು ಗಡೀಪಾರು ವಿಧಿಸಿದರೆಂದೂ ಒಂದು ಮೂಲ ಹೇಳುತ್ತದೆ. ಪೆರಿಕ್ಲೀಸನ ಎದುರಾಳಿ ಥ್ಯುಸಿಡಿಡೀಸ್ ದೂರುದಾರನಾಗಿದ್ದ, ಪರ್ಷಿಯಾದ ಪಕ್ಷಪಾತಿ ಎಂಬ ಆರೋಪವೂ ಜೊತೆಗಿತ್ತು, ಮರಣದಂಡನೆ ವಿಧಿಸುವ ವೇಳೆಗೆ ಆರೋಪಿ ಊರಲ್ಲಿರಲಿಲ್ಲ ಎಂದು ಇನ್ನೊಂದು ಹೇಳುತ್ತದೆ (ಇವನು ಅದೇ ಹೆಸರಿನ ಇತಿಹಾಸಕಾರನಲ್ಲ). ಪ್ಲುಟಾರ್ಕ್ ಬರೆದದ್ದು ಘಟನೆಯಾಗಿ ಐದು ನೂರು ವರ್ಷಗಳಾದ ಮೇಲಾದ್ದರಿಂದ ಡಿಯೊಪೀಥೀಸನ ನಿರ್ಣಯವನ್ನೇ ಸಂಶಯಿಸುವ ವಿದ್ವಾಂಸರೂ ಇದ್ದಾರೆ.

ನನಗೆ ತೋರುವುದಿಷ್ಟು: ಗುರಿ ಪೆರಿಕ್ಲೀಸ್, ಸೂರ್ಯನ ಕಲ್ಲು ಅವನತ್ತ ಬೀಸಲು ಸಿಕ್ಕ ಆಯುಧ. ಆದರೆ ರಾಜಕೀಯದ ಒಳಸಂಚು ಎಂದು ಅಷ್ಟಕ್ಕೇ ತಳ್ಳಿಹಾಕುವುದು ಸರಿಯಲ್ಲ. ಆ ಮಾತು ಜನರ ಎದೆಯಲ್ಲಿ ನಿಜವಾದ ಅಂಜಿಕೆಯನ್ನು ಮುಟ್ಟದಿದ್ದರೆ ಅದನ್ನು ಆಯುಧವಾಗಿ ಬಳಸಲು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ. ಹೀಲಿಯೊಸ್ ಎಂಬ ಸೂರ್ಯದೇವರ ಹೆಸರಿನಲ್ಲಿ ಆಣೆಯಿಡುತ್ತಿದ್ದ ಜನ, ಎಲ್ಲವನ್ನೂ ನೋಡುವ ಆ ದೇವರಿಗೆ ಕಣ್ಣೇ ಇಲ್ಲವೆಂದರೆ ಆಣೆಗೆ ಸಾಕ್ಷಿ ಯಾರು ಎಂದು ಕೇಳಿಕೊಂಡಿರಲಿಕ್ಕೂ ಸಾಕು.

ಅನಾಕ್ಸಾಗೊರಸ್ ಕೊನೆಗಾಲವನ್ನು ಕಳೆದದ್ದು ಲ್ಯಾಂಪ್ಸಕಸ್ ಎಂಬ ಊರಿನಲ್ಲಿ, ಗೌರವದಿಂದ. ನಿಮಗಾಗಿ ಏನು ಮಾಡಬೇಕು ಎಂದು ಊರ ಹಿರಿಯರು ಕೇಳಿದಾಗ, ನಾನು ಸತ್ತ ತಿಂಗಳಲ್ಲಿ ಪ್ರತಿ ವರ್ಷ ಮಕ್ಕಳಿಗೆ ರಜೆ ಕೊಡಿ ಎಂದನಂತೆ. ಅವನ ಬಗ್ಗೆ ಉಳಿದಿರುವ ಕತೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು.

ಪ್ರಶ್ನೆ: ಒಂದು ಘಟನೆಯ ಕಾರಣ ತಿಳಿದ ಮೇಲೆ ಅದನ್ನು ಶಕುನವೆಂದು ನೋಡುವುದರಲ್ಲಿ ಅರ್ಥವಿದೆಯೆ? ಗ್ರೀಕರು ಈ ಪ್ರಶ್ನೆಯನ್ನು ಎದುರಿಸಿದ್ದರೆ? (ಮೈಸೂರಿನ ನಿವೃತ್ತ ಶಿಕ್ಷಕಿಯೊಬ್ಬರು)

ಎದುರಿಸಿದ್ದರು, ಅದೂ ಒಂದು ಟಗರಿನ ತಲೆಯನ್ನು ಮುಂದಿಟ್ಟುಕೊಂಡು. ಪೆರಿಕ್ಲೀಸನ ಹೊಲಮನೆಯಿಂದ ಒಂದೇ ಕೊಂಬಿನ ಟಗರಿನ ತಲೆಯನ್ನು ತಂದುಕೊಟ್ಟರು ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಕೊಂಬು ಹಣೆಯ ನಡುವಿನಿಂದ ಗಟ್ಟಿಯಾಗಿ ಬೆಳೆದಿತ್ತು. ನಗರದಲ್ಲಿ ಆಗ ಎರಡು ಬಣಗಳಿದ್ದವು, ಒಂದು ಪೆರಿಕ್ಲೀಸನದು, ಇನ್ನೊಂದು ಆ ಥ್ಯುಸಿಡಿಡೀಸನದು. ಲ್ಯಾಂಪಾನ್ ಎಂಬ ಕಣಿಗಾರ ಅದನ್ನು ನೋಡಿ, ಎರಡು ಅಧಿಕಾರಗಳು ಒಂದಾಗಿ, ಈ ಗುರುತು ಯಾರ ಮನೆಯಲ್ಲಿ ಕಂಡಿತೋ ಅವನ ಕೈ ಸೇರುತ್ತವೆ ಎಂದ. ಅನಾಕ್ಸಾಗೊರಸ್ ತಲೆಬುರುಡೆಯನ್ನು ಸೀಳಿಸಿದ. ಮಿದುಳು ಬುರುಡೆಯ ತುಂಬ ಹರಡಿರದೆ ಮೊಟ್ಟೆಯ ಹಾಗೆ ಚೂಪಾಗಿ ಒಂದೆಡೆ ಸೇರಿಕೊಂಡು, ಸರಿಯಾಗಿ ಕೊಂಬಿನ ಬೇರು ಹೊರಟ ಜಾಗದ ಕಡೆಗೇ ಚಾಚಿಕೊಂಡಿತ್ತು. ನೆರೆದವರು ಅಂದು ಅನಾಕ್ಸಾಗೊರಸನನ್ನು ಹೊಗಳಿದರು. ಕೆಲಕಾಲದ ನಂತರ ಥ್ಯುಸಿಡಿಡೀಸ್ ಗಡೀಪಾರಾಗಿ ಇಡೀ ಅಧಿಕಾರ ಪೆರಿಕ್ಲೀಸನ ಕೈಸೇರಿದಾಗ ಲ್ಯಾಂಪಾನನನ್ನು ಹೊಗಳಿದರು.

ಪ್ಲುಟಾರ್ಕನ ತೀರ್ಪು ಎಂದರೆ ಇಬ್ಬರೂ ಸರಿ. ಒಬ್ಬನ ಕೆಲಸ ಇದು ಯಾವುದರಿಂದ, ಹೇಗೆ ಆಯಿತು ಎಂದು ಹೇಳುವುದು, ಇನ್ನೊಬ್ಬನ ಕೆಲಸ ಇದು ಯಾತಕ್ಕಾಗಿ ಆಯಿತು, ಏನನ್ನು ಸೂಚಿಸುತ್ತದೆ ಎಂದು ಹೇಳುವುದು. ಕಾರಣ ಸಿಕ್ಕರೆ ಸೂಚನೆ ಸುಳ್ಳಾಗುತ್ತದೆ ಎನ್ನುವವರಿಗೆ ಅವನು ಒಂದು ಒಳ್ಳೆಯ ಮಾತು ಹೇಳುತ್ತಾನೆ: ಜಾಗಟೆಯ ಸದ್ದು, ಗುಡ್ಡದ ಮೇಲೆ ಹೊತ್ತಿಸಿದ ಬೆಂಕಿ, ನೆರಳುಗಡಿಯಾರದ ಕೋಲಿನ ನೆರಳು, ಇವೆಲ್ಲಕ್ಕೂ ಕಾರಣವಿದೆ, ಆದರೂ ಇವು ಸೂಚನೆಗಳೇ ಅಲ್ಲವೆ? ಇದನ್ನು ಬರೆದ ಪ್ಲುಟಾರ್ಕ್ ಸ್ವತಃ ಡೆಲ್ಫಿಯ ದೇವಾಲಯದ ಅರ್ಚಕನಾಗಿದ್ದ, ತತ್ತ್ವಶಾಸ್ತ್ರವನ್ನೂ ಆಳವಾಗಿ ಓದಿಕೊಂಡಿದ್ದ. ಎರಡು ದೋಣಿಗಳಲ್ಲಿ ಪ್ರಾಮಾಣಿಕವಾಗಿ ಕಾಲಿಟ್ಟವನು ಅವನು, ಆದ್ದರಿಂದಲೇ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಹಾಗಿದ್ದೂ ನಾನು ಈ ತೀರ್ಪನ್ನು ಪೂರ್ತಿ ಒಪ್ಪಲಾರೆ. ಜಾಗಟೆಯ ಸದ್ದು ಸೂಚನೆಯಾಗುವುದು ಅದನ್ನು ಬಾರಿಸಿದವನು ಮತ್ತು ಕೇಳುವವನು ಅದರ ಅರ್ಥದ ಬಗ್ಗೆ ಮೊದಲೇ ಒಪ್ಪಂದಕ್ಕೆ ಬಂದಿರುವುದರಿಂದ. ಟಗರಿನ ಕೊಂಬಿನ ವಿಷಯದಲ್ಲಿ ಅಂಥ ಒಪ್ಪಂದವನ್ನು ಯಾರೂ ತೋರಿಸಲಾರರು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮೇಜಿನ ಮೇಲೆ ಸತ್ತ ಟಗರಿನ ತಲೆ ಇರುವವರೆಗೆ ಕಾರಣ ಹೇಳುವವನೂ ಶಕುನ ಹೇಳುವವನೂ ಅಕ್ಕಪಕ್ಕ ಕೂರಬಹುದು. ಈಗ ಹೊರಡಬೇಕೆ ಬೇಡವೆ ಎಂದು ತೀರ್ಮಾನಿಸಬೇಕಾದ ರಾತ್ರಿ ಬಂದಾಗ ಇಬ್ಬರಲ್ಲಿ ಒಬ್ಬರ ಮಾತು ಮಾತ್ರ ನಡೆಯುತ್ತದೆ.

ಅಂಥ ರಾತ್ರಿ ಕ್ರಿ.ಪೂ. 413ರ ಆಗಸ್ಟ್ 27ರಂದು ಬಂತು. ಸಿಸಿಲಿಯ ಸಿರಾಕ್ಯೂಸ್ ನಗರವನ್ನು ಗೆಲ್ಲಲು ಹೋದ ಅಥೆನ್ಸಿನ ಸೇನೆ ಸೋಲಿನ ಅಂಚಿನಲ್ಲಿತ್ತು. ಗುಟ್ಟಾಗಿ ಹಡಗು ಹತ್ತಿ ಹೊರಟುಬಿಡಬೇಕೆಂದು ಎಲ್ಲ ಸಿದ್ಧತೆಯೂ ಆಗಿತ್ತು. ಅಷ್ಟರಲ್ಲಿ ಹುಣ್ಣಿಮೆಯ ಚಂದ್ರನಿಗೆ ಗ್ರಹಣ ಹಿಡಿಯಿತು. ಸೈನಿಕರಲ್ಲಿ ಹೆಚ್ಚಿನವರು ಹೊರಡುವುದು ಬೇಡವೆಂದರು. ಕಣಿ ಶಕುನಗಳಲ್ಲಿ ಅತಿಯಾದ ನಂಬಿಕೆಯಿಟ್ಟಿದ್ದನೆಂದು ಇತಿಹಾಸಕಾರ ಥ್ಯುಸಿಡಿಡೀಸ್ ವರ್ಣಿಸುವ ಸೇನಾಪತಿ ನಿಸಿಯಾಸ್, ಕಣಿಗಾರರು ಹೇಳಿದಂತೆ ಮೂರು ಒಂಬತ್ತು ದಿನ, ಅಂದರೆ 27 ದಿನ ಕಳೆಯುವವರೆಗೆ ಹೊರಡುವ ಮಾತನ್ನೇ ಎತ್ತಕೂಡದೆಂದ. ಆ ಅವಧಿಯಲ್ಲಿ ಶತ್ರುಗಳು ಬಂದರಿನ ಬಾಯಿಯನ್ನು ಮುಚ್ಚಿದರು, ನೌಕಾಪಡೆ ಒಳಗೇ ನಾಶವಾಯಿತು, ಕಾಲ್ನಡಿಗೆಯಲ್ಲಿ ಹಿಮ್ಮೆಟ್ಟಿದ ಸೇನೆ ದಾರಿಯಲ್ಲಿ ಕತ್ತರಿಸಿಹೋಯಿತು, ನಿಸಿಯಾಸನನ್ನು ಕೊಂದರು. ಏಳು ಸಾವಿರಕ್ಕೆ ಕಡಿಮೆಯಿಲ್ಲದ ಸೆರೆಯಾಳುಗಳನ್ನು ಕಲ್ಲುಗಣಿಗಳಲ್ಲಿ ಕೂಡಿಹಾಕಿ ದಿನಕ್ಕೆ ತಲೆಗೆ ಕಾಲು ಲೀಟರಿನಷ್ಟು ನೀರು, ಅದರ ಎರಡರಷ್ಟು ಧಾನ್ಯ ಕೊಟ್ಟರು. ಹೆಣಗಳ ನಡುವೆಯೇ ಬದುಕಿದ್ದವರು ಇರಬೇಕಾಯಿತು.

ಶಕುನಶಾಸ್ತ್ರದ ಒಳಗೇ ಬೇರೆ ಓದು ಸಾಧ್ಯವಿತ್ತು ಎಂಬುದು ಈ ದುರಂತದ ಇನ್ನಷ್ಟು ನೋವಿನ ಭಾಗ. ಗುಟ್ಟಾಗಿ ಪಲಾಯನ ಮಾಡುವವರಿಗೆ ಕತ್ತಲೆ ಶುಭವೇ ಹೊರತು ಅಶುಭವಲ್ಲ ಎಂದು ಫಿಲೊಕೊರಸ್ ಎಂಬ ಲೇಖಕ ನಂತರ ಬರೆದ. ಅವನೂ ಕಣಿಗಾರನೇ. ಇನ್ನು ಗ್ರಹಣದ ಕಾರಣ ಅಥೆನ್ಸಿಗೆ ಗೊತ್ತಿರಲಿಲ್ಲವೆ ಎಂದರೆ, ಅದನ್ನು ಬರೆದಿಟ್ಟಿದ್ದ ಅನಾಕ್ಸಾಗೊರಸ್ ಸತ್ತು ಆಗಲೇ ಸುಮಾರು 15 ವರ್ಷಗಳಾಗಿದ್ದವು. ಆದರೆ ಆ ವಿವರಣೆ ಇನ್ನೂ ಕೆಲವರ ನಡುವೆ ಎಚ್ಚರದಿಂದ, ಪಿಸುಮಾತಿನಲ್ಲಿ ಹರಿದಾಡುತ್ತಿತ್ತು ಎಂದು ಸ್ವತಃ ಪ್ಲುಟಾರ್ಕನೇ ನಿಸಿಯಾಸನ ಚರಿತ್ರೆಯಲ್ಲಿ ಒಪ್ಪಿಕೊಳ್ಳುತ್ತಾನೆ. ಪುಸ್ತಕದಲ್ಲಿದ್ದ ತಿಳಿವಳಿಕೆ ಹಡಗಿನ ಮೇಲಿದ್ದ ಅಂಬಿಗನವರೆಗೆ ತಲುಪಿರಲಿಲ್ಲ. ಪೆರಿಕ್ಲೀಸ್ ಬದುಕಿದ್ದಾಗ ಇಂಥದೇ ಒಂದು ಸೂರ್ಯಗ್ರಹಣದ ವೇಳೆ ಹೆದರಿ ನಿಂತ ಚುಕ್ಕಾಣಿಗನ ಕಣ್ಣಿಗೆ ತನ್ನ ಮೇಲಂಗಿಯನ್ನು ಅಡ್ಡ ಹಿಡಿದು, ಇದು ಭಯಂಕರವೆ ಎಂದು ಕೇಳಿ, ಇಲ್ಲವೆಂದಾಗ, ಅದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮರೆ ಮಾಡಿದ ವಸ್ತು ಮೇಲಂಗಿಗಿಂತ ದೊಡ್ಡದು ಎಂಬುದಷ್ಟೇ ಎಂದನಂತೆ. ಇದು ತತ್ತ್ವಶಾಸ್ತ್ರದ ಶಾಲೆಗಳಲ್ಲಿ ಹೇಳುತ್ತಿದ್ದ ಕತೆ. ನಡೆದದ್ದೋ ಇಲ್ಲವೋ, ಒಂದು ಬಟ್ಟೆಯ ತುಂಡಿನಿಂದ ಗ್ರಹಣವನ್ನು ಕಲಿಸಬಹುದು ಎಂಬುದನ್ನು ನಿಮ್ಮಂಥ ಶಿಕ್ಷಕಿಯರು ಖಂಡಿತ ಮೆಚ್ಚುತ್ತೀರಿ.

ಪ್ರಶ್ನೆ: ಸಾಕ್ರೆಟಿಸನನ್ನು ಧರ್ಮಾಂಧತೆಗೆ ಬಲಿಯಾದ ವಿಜ್ಞಾನಿ ಎಂದು ಕರೆಯಬಹುದೆ? (ಹಾಸನದ ಕಾಲೇಜು ವಿದ್ಯಾರ್ಥಿ)

ವಿಜ್ಞಾನಿ ಎಂದು ಕರೆಯಲಾಗದು. ಕ್ರಿ.ಪೂ. 399ರಲ್ಲಿ ಅವನ ಮೇಲಿದ್ದ ಆರೋಪಗಳು ಮೂರು: ನಗರದ ದೇವರುಗಳನ್ನು ಮನ್ನಿಸುತ್ತಿಲ್ಲ, ಹೊಸ ದೈವಗಳನ್ನು ತರುತ್ತಿದ್ದಾನೆ, ಯುವಕರನ್ನು ಕೆಡಿಸುತ್ತಿದ್ದಾನೆ. ಆದರೆ ಜನರ ಮನಸ್ಸಿನಲ್ಲಿ ಅವನ ಚಿತ್ರ ಬಹಳ ಮೊದಲೇ ಮೂಡಿತ್ತು. ಕ್ರಿ.ಪೂ. 423ರಲ್ಲಿ ಅರಿಸ್ಟೊಫನೀಸ್ ಬರೆದ ಪ್ರಹಸನದಲ್ಲಿ ಸಾಕ್ರೆಟಿಸ್ ಒಂದು ಬುಟ್ಟಿಯಲ್ಲಿ ಕುಳಿತು ಗಾಳಿಯಲ್ಲಿ ತೂಗಾಡುತ್ತ ಸೂರ್ಯನನ್ನು ಧ್ಯಾನಿಸುತ್ತಾನೆ, ಮಳೆ ಗುಡುಗುಗಳನ್ನು ತರುವುದು ಜ್ಯೂಸ್ ದೇವರಲ್ಲ, ಮೋಡಗಳು ಎಂದು ಕಲಿಸುತ್ತಾನೆ. ವಿಚಾರಣೆಯಲ್ಲಿ ಈ ಹಳೆಯ ಅಪವಾದವೇ ತನಗೆ ಹೆಚ್ಚು ಅಪಾಯಕಾರಿ ಎಂದು ಅವನು ಹೇಳಿದ್ದಾಗಿ ಪ್ಲೇಟೊ ದಾಖಲಿಸಿದ್ದಾನೆ. ಸೂರ್ಯ ಕಲ್ಲು, ಚಂದ್ರ ಮಣ್ಣು ಎನ್ನುತ್ತಾನೆ ಇವನು ಎಂದು ದೂರುದಾರ ಮೆಲೆಟಸ್ ಕೂಗಿದಾಗ ಸಾಕ್ರೆಟಿಸ್, ನೀನು ಆರೋಪಿಸುತ್ತಿರುವುದು ಅನಾಕ್ಸಾಗೊರಸನನ್ನು, ಅವನ ಪುಸ್ತಕಗಳು ಒಂದು ಡ್ರಾಕ್ಮಾಗೆ ಯಾರಿಗೆ ಬೇಕಾದರೂ ಸಿಗುತ್ತವೆ ಎಂದ.

ಯುವಕನಾಗಿದ್ದಾಗ ಸಾಕ್ರೆಟಿಸ್ ಆ ಪುಸ್ತಕಗಳನ್ನು ಆಸೆಯಿಂದ ಹಿಡಿದವನೇ. ವಿಶ್ವವನ್ನು ವ್ಯವಸ್ಥೆಗೊಳಿಸಿದ್ದು 'ನೂಸ್', ಅಂದರೆ ಮನಸ್ಸು ಅಥವಾ ಬುದ್ಧಿ, ಎಂದು ಅನಾಕ್ಸಾಗೊರಸ್ ಬರೆದದ್ದನ್ನು ಕೇಳಿ, ಪ್ರತಿಯೊಂದೂ ಹೀಗೇ ಇರುವುದು ಏಕೆ ಒಳ್ಳೆಯದು ಎಂಬ ವಿವರಣೆ ಸಿಗುತ್ತದೆಂದು ನಿರೀಕ್ಷಿಸಿದ. ಸಿಕ್ಕದ್ದು ಗಾಳಿ, ನೀರು, ಸುಳಿಗಳು. ಪ್ಲೇಟೊ ಚಿತ್ರಿಸಿದ ಕೊನೆಯ ದಿನದಂದು ಸೆರೆಮನೆಯಲ್ಲಿ ಅವನು ಗೆಳೆಯರಿಗೆ ಹೇಳುತ್ತಾನೆ: ನಾನು ಇಲ್ಲಿ ಕುಳಿತಿರುವುದಕ್ಕೆ ಕಾರಣ ನನ್ನ ಎಲುಬುಗಳೂ ಅವುಗಳನ್ನು ಮಡಿಸುವ ಸ್ನಾಯುಗಳೂ ಎಂದು ಯಾರಾದರೂ ಹೇಳಿದರೆ ಅದು ಸುಳ್ಳಲ್ಲ, ಆದರೆ ಓಡಿಹೋಗದೆ ಶಿಕ್ಷೆ ಅನುಭವಿಸುವುದೇ ನ್ಯಾಯವೆಂದು ನಾನು ತೀರ್ಮಾನಿಸಿದ್ದು ನಿಜವಾದ ಕಾರಣವಲ್ಲವೆ? ಟಗರಿನ ತಲೆಯ ಪ್ರಶ್ನೆಯೇ ಇಲ್ಲಿ ಮನುಷ್ಯನ ಮೈಯೊಳಗೆ ಬಂದು ನಿಂತಿರುವುದನ್ನು ಗಮನಿಸಿ. ಮನುಷ್ಯನ ನಡೆಯ ಮಟ್ಟಿಗೆ ಉದ್ದೇಶವನ್ನು ಕೇಳದೆ ಕಾರಣ ಪೂರ್ತಿಯಾಗುವುದಿಲ್ಲ ಎಂಬ ಅವನ ಮಾತನ್ನು ನಾನು ಮನಃಪೂರ್ವಕ ಒಪ್ಪುತ್ತೇನೆ. ಅದನ್ನೇ ಚಂದ್ರನಿಗೂ ಹಚ್ಚಬೇಕೆಂದಾಗ ಮಾತ್ರ ಹಿಂದೆ ಸರಿಯುತ್ತೇನೆ.

ವಿಚಾರಣೆಯ ಹಿನ್ನೆಲೆಯಲ್ಲಿ ಸ್ಪಾರ್ಟಾದ ಎದುರು ಸೋತ ಯುದ್ಧವೂ, ಕ್ರಿ.ಪೂ. 404ರಲ್ಲಿ ಮೂವತ್ತು ಜನ ನಿರಂಕುಶರು ನಡೆಸಿದ ಕೊಲೆಗಳೂ ಇದ್ದವು. ಅವರ ಮುಂದಾಳು ಕ್ರಿಟಿಯಾಸ್ ಒಂದು ಕಾಲದಲ್ಲಿ ಸಾಕ್ರೆಟಿಸನ ಸಹವಾಸದಲ್ಲಿದ್ದವನು. ಅವರ ಆಳ್ವಿಕೆ ಮುಗಿದ ಮೇಲೆ ಆದ ಕ್ಷಮಾದಾನದ ಒಪ್ಪಂದದಿಂದಾಗಿ ಆ ರಾಜಕೀಯವನ್ನು ನ್ಯಾಯಾಲಯದಲ್ಲಿ ನೇರವಾಗಿ ಎತ್ತುವಂತಿರಲಿಲ್ಲ. ದೇವರ ಹೆಸರನ್ನು ಎತ್ತಬಹುದಿತ್ತು.

ಪ್ರಶ್ನೆ: ಹಾಗಾದರೆ ಗ್ರೀಕ್ ತತ್ತ್ವಜ್ಞಾನಿಗಳು ನಾಸ್ತಿಕರಾಗಿದ್ದರೆ? (ಬೆಂಗಳೂರಿನ ಓದುಗರೊಬ್ಬರು)

ಬಹುಪಾಲು ಅಲ್ಲ. ಎಲ್ಲಕ್ಕೂ ನೀರೇ ಮೂಲವೆಂದ ಥೇಲೀಸ್ ಎಲ್ಲವೂ ದೇವರುಗಳಿಂದ ತುಂಬಿದೆ ಎಂದೂ ಹೇಳಿದವನೆಂದು ಅರಿಸ್ಟಾಟಲ್ ಬರೆಯುತ್ತಾನೆ. ದೇವರುಗಳು ಇದ್ದಾರೋ ಇಲ್ಲವೋ ನಾನು ಅರಿಯಲಾರೆ, ವಿಷಯ ಅಸ್ಪಷ್ಟ, ಮನುಷ್ಯನ ಆಯುಸ್ಸು ಅಲ್ಪ ಎಂದ ಪ್ರೊಟಾಗೊರಸನದು ನಾಸ್ತಿಕತೆಗಿಂತ ಅರಿವಿನ ಮಿತಿಯನ್ನು ಒಪ್ಪಿಕೊಂಡ ಮಾತು. ಎಪಿಕ್ಯೂರಸನ ದೇವರುಗಳು ಇದ್ದಾರೆ, ಆದರೆ ಪರಮಸುಖಿಗಳಾದ ಅವರು ನಮ್ಮ ಮೇಲೆ ಸಿಟ್ಟಾಗುವುದೂ ಇಲ್ಲ, ಗುಡುಗು ಸಿಡಿಲುಗಳನ್ನು ಕಳಿಸುವುದೂ ಇಲ್ಲ. ಆಕಾಶದ ಭಯವೂ ಸಾವಿನ ಭಯವೂ ನಮ್ಮನ್ನು ಕಾಡದೆ ಇದ್ದಿದ್ದರೆ ಪ್ರಕೃತಿಯ ಅಧ್ಯಯನವೇ ಬೇಕಿರಲಿಲ್ಲ ಎಂದು ಅವನು ಹೇಳುತ್ತಾನೆ. ಅವನಿಗೆ ವಿಜ್ಞಾನವೆಂದರೆ ಭಯಕ್ಕೆ ಮದ್ದು.

ಇವರೆಲ್ಲರಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವವನು ಕೊಲೊಫಾನಿನ ಕ್ಸೆನೊಫನೀಸ್. ಇಥಿಯೋಪಿಯದವರು ತಮ್ಮ ದೇವರುಗಳಿಗೆ ಚಪ್ಪಟೆ ಮೂಗು ಮತ್ತು ಕಪ್ಪು ಬಣ್ಣ ಎನ್ನುತ್ತಾರೆ, ಥ್ರೇಸಿನವರು ನೀಲಿ ಕಣ್ಣು ಮತ್ತು ಕೆಂಗೂದಲು ಎನ್ನುತ್ತಾರೆ, ಎತ್ತು ಕುದುರೆಗಳಿಗೆ ಕೈಗಳಿದ್ದು ಚಿತ್ರ ಬರೆಯಲು ಬಂದಿದ್ದರೆ ಕುದುರೆಗಳು ಕುದುರೆಯಂಥ ದೇವರನ್ನೂ ಎತ್ತುಗಳು ಎತ್ತಿನಂಥ ದೇವರನ್ನೂ ಬರೆಯುತ್ತಿದ್ದವು ಎಂದು ಅವನು ಹೇಳಿದ. ಆದರೆ ಅವನು ಅಲ್ಲಿಂದ ದೇವರಿಲ್ಲ ಎಂಬಲ್ಲಿಗೆ ಹೋಗಲಿಲ್ಲ, ರೂಪದಲ್ಲಾಗಲಿ ಆಲೋಚನೆಯಲ್ಲಾಗಲಿ ಮರ್ತ್ಯರನ್ನು ಹೋಲದ ಒಬ್ಬ ಮಹಾದೇವನಿದ್ದಾನೆ ಎಂಬಲ್ಲಿಗೆ ಹೋದ. ಇದೇ ಕ್ಸೆನೊಫನೀಸ್ ಬೆಟ್ಟಗಳಲ್ಲಿ ಸಿಕ್ಕ ಚಿಪ್ಪುಗಳನ್ನೂ ಸಿರಾಕ್ಯೂಸಿನ ಕಲ್ಲುಗಣಿಗಳಲ್ಲಿ ಕಂಡ ಮೀನು ಮತ್ತು ಕಡಲಪಾಚಿಯ ಅಚ್ಚುಗಳನ್ನೂ ಎತ್ತಿ ತೋರಿಸಿ, ಒಂದು ಕಾಲದಲ್ಲಿ ಇದೆಲ್ಲ ಕೆಸರಾಗಿತ್ತು, ಆ ಅಚ್ಚುಗಳು ಒಣಗಿ ಉಳಿದಿವೆ ಎಂದು ವಾದಿಸಿದ. ದೇವರ ಕಲ್ಪನೆಯನ್ನು ಶುದ್ಧಗೊಳಿಸುವುದೂ ಕಲ್ಲನ್ನು ಹತ್ತಿರದಿಂದ ನೋಡುವುದೂ ಒಬ್ಬನೇ ಮನುಷ್ಯನ ಒಂದೇ ಅಭ್ಯಾಸವಾಗಿತ್ತು.

ಪ್ರಶ್ನೆ: ಮೂರ್ಛೆರೋಗವನ್ನು ದೇವರ ಕಾಟ ಎಂದು ಹೇಳುವುದು ನಮ್ಮ ಕಡೆ ಇನ್ನೂ ಇದೆ. ಗ್ರೀಕರ ವೈದ್ಯರು ಇದನ್ನು ಪ್ರಶ್ನಿಸಿದ್ದರು ಎಂದು ಕೇಳಿದ್ದೇನೆ, ವಿವರಿಸುವಿರಾ? (ಕೊಪ್ಪಳ ಜಿಲ್ಲೆಯ ಆರೋಗ್ಯ ಕಾರ್ಯಕರ್ತೆಯೊಬ್ಬರು)

ಕ್ರಿ.ಪೂ. 400ರ ಆಸುಪಾಸಿನಲ್ಲಿ ಬರೆದ, ಹಿಪ್ಪೊಕ್ರೆಟೀಸನ ಹೆಸರಿನ ಸಂಗ್ರಹದಲ್ಲಿ ಸೇರಿರುವ ಒಂದು ಚಿಕ್ಕ ಗ್ರಂಥ ಪೂರ್ತಿಯಾಗಿ ಇದೇ ರೋಗದ ಬಗ್ಗೆ ಇದೆ. ಪವಿತ್ರ ರೋಗ ಎಂದು ಕರೆಯುವ ಇದು ಬೇರೆ ರೋಗಗಳಿಗಿಂತ ಹೆಚ್ಚು ದೈವಿಕವೂ ಅಲ್ಲ, ಹೆಚ್ಚು ಪವಿತ್ರವೂ ಅಲ್ಲ, ಇದಕ್ಕೂ ಪ್ರಕೃತಿಯಲ್ಲಿ ಕಾರಣವಿದೆ ಎಂಬುದೇ ಅದರ ಆರಂಭ. ಆ ಕಾಲದ ಮಂತ್ರವಾದಿಗಳು ರೋಗಿ ಆಡಿನ ಹಾಗೆ ಕೂಗಿದರೆ ದೇವಮಾತೆಯ ಕಾಟ, ಕುದುರೆಯ ಹಾಗೆ ಕೆನೆದರೆ ಪೊಸೈಡನನ ಕಾಟ, ಬಾಯಲ್ಲಿ ನೊರೆ ಬಂದು ಕಾಲು ಝಾಡಿಸಿದರೆ ಆರೀಸನ ಕಾಟ ಎಂದು ಪಟ್ಟಿ ಮಾಡಿಟ್ಟಿದ್ದರು. ಸ್ನಾನ ಮಾಡಬಾರದು, ಕಪ್ಪು ಬಟ್ಟೆ ಉಡಬಾರದು, ಆಡಿನ ಮಾಂಸ ತಿನ್ನಬಾರದು, ಆಡಿನ ಚರ್ಮದ ಮೇಲೆ ಮಲಗಬಾರದು ಎಂದು ಕಟ್ಟುಪಾಡು ಹಾಕುತ್ತಿದ್ದರು. ಗ್ರಂಥಕರ್ತ ಕೇಳುತ್ತಾನೆ: ಹಾಗಿದ್ದರೆ ಆಡಿನ ಚರ್ಮವಲ್ಲದೆ ಬೇರೆ ಹೊದಿಕೆಯೇ ಇಲ್ಲದ, ಆಡಿನ ಮಾಂಸವನ್ನೇ ತಿನ್ನುವ ಲಿಬಿಯಾದ ಒಳನಾಡಿನವರಲ್ಲಿ ಒಬ್ಬರೂ ಆರೋಗ್ಯವಾಗಿರಬಾರದಲ್ಲವೆ?

ರೋಗದ ಮೂಲ ಮಿದುಳು ಎಂದು ಅವನು ಹೇಳಿದ್ದು ಸರಿ. ತಲೆಯಿಂದ ಇಳಿದ ಕಫ ನಾಳಗಳನ್ನು ಕಟ್ಟುತ್ತದೆ ಎಂದು ಕೊಟ್ಟ ವಿವರಣೆ ತಪ್ಪು. ಆದರೆ ತಪ್ಪನ್ನು ಪತ್ತೆಹಚ್ಚುವ ದಾರಿಯನ್ನೂ ಅವನೇ ತೋರಿಸಿದ. ಇದೇ ರೋಗ ಬಂದ ಆಡಿನ ತಲೆಯನ್ನು ಸೀಳಿ ನೋಡಿ, ಮಿದುಳು ಒದ್ದೆಯಾಗಿ ನೀರು ತುಂಬಿ ನಾರುತ್ತಿರುವುದು ಕಾಣುತ್ತದೆ, ಮೈಯನ್ನು ಕೆಡಿಸುತ್ತಿರುವುದು ದೇವರಲ್ಲ, ರೋಗ ಎಂಬುದು ಆಗ ತಿಳಿಯುತ್ತದೆ ಎಂದ. ಪೆರಿಕ್ಲೀಸನ ಟಗರು, ಇಲ್ಲಿ ಆಡು: ಅನುಮಾನ ಬಂದಾಗ ತೆರೆದು ನೋಡುವ ಅದೇ ಕೈ.

ಇದನ್ನು ದೇವರ ವಿರುದ್ಧದ ಗ್ರಂಥವೆಂದು ಓದಿದರೆ ತಪ್ಪಾಗುತ್ತದೆ. ಪವಿತ್ರವಾದ ದೇವರು ಮನುಷ್ಯನ ಮೈಯನ್ನು ಮಲಿನಗೊಳಿಸುತ್ತಾನೆ ಎನ್ನುವುದೇ ದೈವನಿಂದೆ, ಆದ್ದರಿಂದ ಭಕ್ತಿಯಿಲ್ಲದವರು ಆ ಮಂತ್ರವಾದಿಗಳೇ ಎಂಬುದು ಅವನ ವಾದ. ಎಲ್ಲ ರೋಗಗಳೂ ಒಂದು ಅರ್ಥದಲ್ಲಿ ದೈವಿಕ, ಎಲ್ಲವೂ ಮಾನುಷ ಎಂದು ಅವನು ಹೇಳುತ್ತಾನೆ. ವೈದ್ಯರ ಪ್ರಸಿದ್ಧ ಪ್ರತಿಜ್ಞೆ ಶುರುವಾಗುವುದು ಅಪೊಲೊ ಮತ್ತು ಅಸ್ಕ್ಲೀಪಿಯಸ್ ದೇವರ ಆಣೆಯಿಂದಲೇ. ಎಪಿಡಾರಸಿನ ಅಸ್ಕ್ಲೀಪಿಯಸ್ ದೇವಾಲಯದಲ್ಲಿ ಕನಸಿನಲ್ಲಿ ದೇವರು ಬಂದು ಗುಣಪಡಿಸುತ್ತಾನೆಂದು ರೋಗಿಗಳು ಮಲಗುತ್ತಿದ್ದ ಕಾಲದಲ್ಲೇ ಈ ವೈದ್ಯರೂ ಊರೂರು ತಿರುಗಿ ಚಿಕಿತ್ಸೆ ಮಾಡುತ್ತಿದ್ದರು.

ನಾನು ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ಹುಡುಗನೊಬ್ಬ ಮೂರ್ಛೆ ಬಂದು ಬಿದ್ದಾಗ ದೊಡ್ಡವರು ಓಡಿಬಂದು ಅವನ ಬಿಗಿಹಿಡಿದ ಮುಷ್ಟಿಯನ್ನು ಬಿಡಿಸಿ ಬೀಗದ ಕೈಗೊಂಚಲನ್ನು ತುರುಕುತ್ತಿದ್ದುದನ್ನು ಕಂಡಿದ್ದೇನೆ. ಬೆರಳ ಸಂದಿಯಲ್ಲಿ ರಕ್ತ ಒಸರಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಬ್ಬಿಣದಿಂದ ಏನೂ ಆಗುವುದಿಲ್ಲ ಎಂಬುದನ್ನು ನೀವು ಮನೆಮನೆಗೆ ಹೋದಾಗ ಹೇಳುತ್ತಲೇ ಇರಿ: ಮಗ್ಗುಲಾಗಿ ಮಲಗಿಸುವುದು, ಬಾಯಿಗೆ ಏನನ್ನೂ ಹಾಕದಿರುವುದು, ಐದು ನಿಮಿಷಕ್ಕೂ ಹೆಚ್ಚು ಮುಂದುವರಿದರೆ ಕೂಡಲೇ ಆಸ್ಪತ್ರೆಗೆ ಒಯ್ಯುವುದು, ವೈದ್ಯರು ಕೊಟ್ಟ ಮಾತ್ರೆಯನ್ನು ತಪ್ಪಿಸದಿರುವುದು. ಹರಕೆ ಹೊತ್ತ ತಾಯಿಯನ್ನು ಹೀಯಾಳಿಸದೆ ಇದನ್ನು ಹೇಳಬಹುದು, ಆ ಹಳೆಯ ಗ್ರಂಥಕರ್ತ ದೇವರ ಗೌರವವನ್ನು ಕಾಪಾಡಿಕೊಂಡೇ ಹೇಳಿದಂತೆ.

ಪ್ರಶ್ನೆ: ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂದ ಅರಿಸ್ಟಾರ್ಕಸನನ್ನೂ ಗೆಲಿಲಿಯೊನಂತೆ ವಿಚಾರಣೆಗೆ ಎಳೆದರೆ? (ಮಂಗಳೂರಿನ ಓದುಗರೊಬ್ಬರು)

ಇಲ್ಲ, ಅಂಥ ವಿಚಾರಣೆ ನಡೆದದ್ದಕ್ಕೆ ಯಾವ ಸಾಕ್ಷ್ಯವೂ ಇಲ್ಲ. ಸಾಮೋಸ್ ದ್ವೀಪದ ಅರಿಸ್ಟಾರ್ಕಸ್ ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಈ ಊಹೆಯನ್ನು ಮಂಡಿಸಿದ್ದು ನಮಗೆ ತಿಳಿದಿರುವುದು ಮುಖ್ಯವಾಗಿ ಆರ್ಕಿಮಿಡೀಸನ ಬರಹದಿಂದ. ಪ್ಲುಟಾರ್ಕನ ಒಂದು ಸಂವಾದದಲ್ಲಿ ಪಾತ್ರವೊಂದು, ವಿಶ್ವದ ಒಲೆಯನ್ನು, ಅಂದರೆ ಭೂಮಿಯನ್ನು, ಕದಲಿಸಿದ್ದಕ್ಕಾಗಿ ಅರಿಸ್ಟಾರ್ಕಸನ ಮೇಲೆ ದೈವದ್ರೋಹದ ದಾವೆ ಹೂಡಬೇಕೆಂದು ಸ್ಟೋಯಿಕ್ ಪಂಥದ ಕ್ಲೀನ್ಥೀಸ್ ಹೇಳಿದ್ದ ಎಂದು ನಗುತ್ತ ನೆನೆಯುತ್ತದೆ. ಅಷ್ಟೇ ಇರುವುದು. ಹಸ್ತಪ್ರತಿಗಳಲ್ಲಿ ಆ ವಾಕ್ಯದ ವಿಭಕ್ತಿಗಳು ಅದಲುಬದಲಾಗಿದ್ದು, ಈಗ ನಾವು ಓದುವ ಪಾಠ 17ನೆಯ ಶತಮಾನದ ತಿದ್ದುಪಡಿ. ಗೆಲಿಲಿಯೊನ ವಿಚಾರಣೆ ಯುರೋಪಿನ ನೆನಪಿನಲ್ಲಿ ಹಸಿಯಾಗಿದ್ದ ಕಾಲ ಅದು.

ಅರಿಸ್ಟಾರ್ಕಸನ ಊಹೆ ಬೇರೂರದೆ ಹೋದದ್ದಕ್ಕೆ ದೇವರಿಗಿಂತ ನಕ್ಷತ್ರಗಳು ಹೆಚ್ಚು ಕಾರಣ. ಭೂಮಿ ಅಷ್ಟು ದೊಡ್ಡ ವೃತ್ತದಲ್ಲಿ ಸುತ್ತುತ್ತಿದ್ದರೆ ವರ್ಷದ ಬೇರೆ ಬೇರೆ ಕಾಲಗಳಲ್ಲಿ ನಕ್ಷತ್ರಗಳ ಸ್ಥಾನ ಸ್ವಲ್ಪವಾದರೂ ಪಲ್ಲಟವಾಗಿ ಕಾಣಬೇಕಿತ್ತು. ಯಾರಿಗೂ ಕಾಣಲಿಲ್ಲ. ನಕ್ಷತ್ರಗಳು ಊಹೆಗೆ ಮೀರಿದಷ್ಟು ದೂರದಲ್ಲಿವೆ ಎಂಬುದು ಅವನ ಉತ್ತರವಾಗಿತ್ತು, ಅದು ಸರಿಯೂ ಆಗಿತ್ತು. ಆದರೆ ಆ ಪಲ್ಲಟವನ್ನು ಬೆಸೆಲ್ ಎಂಬ ಜರ್ಮನ್ ಖಗೋಳಜ್ಞ ಅಳೆದು ಪ್ರಕಟಿಸಿದ್ದು 1838ರಲ್ಲಿ. ಸಾಕ್ಷ್ಯವಿಲ್ಲದೆ ಒಪ್ಪದಿದ್ದವರನ್ನು ಮತಾಂಧರ ಸಾಲಿಗೆ ಸೇರಿಸುವುದು ನ್ಯಾಯವಲ್ಲ.

ಪ್ರಶ್ನೆ: ಗ್ರೀಕರ ಖಗೋಳವಿದ್ಯೆಗೂ ನಮ್ಮ ಪಂಚಾಂಗಕ್ಕೂ ಸಂಬಂಧವಿದೆಯೆ? ಅಲ್ಲಿಯೂ ಹಬ್ಬಗಳಿಗಾಗಿ ಆಕಾಶವನ್ನು ಲೆಕ್ಕ ಹಾಕುತ್ತಿದ್ದರೆ? (ಶಿರಸಿಯ ಓದುಗರೊಬ್ಬರು)

ಎರಡಕ್ಕೂ ಹೌದು. ಜಾತಕ ನೋಡುವಾಗ ಬಳಸುವ 'ಹೋರಾ' ಮತ್ತು 'ಕೇಂದ್ರ' ಎಂಬ ಪದಗಳು ಗ್ರೀಕಿನ 'ಹೋರಾ', 'ಕೆಂಟ್ರಾನ್' ಎಂಬವುಗಳಿಂದ ಸಂಸ್ಕೃತದ ಮೂಲಕ ನಮಗೆ ಬಂದವು. ಯವನರು, ಅಂದರೆ ಗ್ರೀಕರು, ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ಚೆನ್ನಾಗಿ ನೆಲೆಗೊಂಡಿರುವುದರಿಂದ ಅವರೂ ಋಷಿಗಳಂತೆ ಪೂಜ್ಯರು ಎಂದು ವರಾಹಮಿಹಿರನು ಆರನೆಯ ಶತಮಾನದಲ್ಲಿ ಬರೆದಿದ್ದಾನೆ.

ಹಬ್ಬಗಳ ವಿಷಯಕ್ಕೆ ಬಂದರೆ, ಗ್ರೀಕರ ತಿಂಗಳುಗಳು ಚಂದ್ರನನ್ನು ಅನುಸರಿಸುತ್ತಿದ್ದವು, ಬೆಳೆ ಮತ್ತು ಹಂಗಾಮುಗಳು ಸೂರ್ಯನನ್ನು. ಎರಡನ್ನೂ ಹೊಂದಿಸಲು ಅಥೆನ್ಸಿನ ಮೆಟಾನ್ ಕ್ರಿ.ಪೂ. 432ರಲ್ಲಿ 19 ವರ್ಷಗಳ ಚಕ್ರವನ್ನು ಮಂಡಿಸಿದ. ಆ ಚಕ್ರದಲ್ಲಿ 235 ಚಾಂದ್ರಮಾಸಗಳಿವೆ. ನಮ್ಮ ಅಧಿಕಮಾಸ ಪರಿಹರಿಸುವ ತೊಡಕೂ ಇದೇ. ಇನ್ನು 1901ರಲ್ಲಿ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗಿನಿಂದ ಮೇಲೆತ್ತಿದ, ಹಸಿರು ಕಿಲುಬು ಹಿಡಿದ ಕಂಚಿನ ಯಂತ್ರದ ಚೂರುಗಳನ್ನು ನೋಡಿ. ಅವುಗಳಲ್ಲಿ ಮೂವತ್ತು ಹಲ್ಲುಚಕ್ರಗಳು ಉಳಿದಿವೆ. ಯಂತ್ರದ ಹಿಂಬದಿಯ ಒಂದು ಸುರುಳಿ ಮೆಟಾನನ ಚಕ್ರವನ್ನು ತೋರಿಸುತ್ತದೆ, ಇನ್ನೊಂದು ಸುರುಳಿ ಯಾವ ತಿಂಗಳಲ್ಲಿ ಗ್ರಹಣ ಸಂಭವಿಸಬಹುದೆಂದು ಗಂಟೆಯ ಸಮೇತ ಹೇಳುತ್ತದೆ. ಅವುಗಳ ಪಕ್ಕದಲ್ಲೇ ನಾಲ್ಕು ಭಾಗಗಳ ಒಂದು ಚಿಕ್ಕ ಮುಖಫಲಕವಿದ್ದು, ಜ್ಯೂಸ್ ದೇವರ ಉತ್ಸವವಾದ ಒಲಿಂಪಿಯಾದ ಕ್ರೀಡೆಗಳು, ಅಪೊಲೊ ದೇವರ ಪೈಥಿಯಾದ ಕ್ರೀಡೆಗಳು ಮೊದಲಾದವು ಯಾವ ವರ್ಷದಲ್ಲಿ ಬರುತ್ತವೆ ಎಂದು ಅದರ ಮೇಲೆ ಕೆತ್ತಿದೆ. ಹಿಡಿಕೆಯನ್ನು ತಿರುಗಿಸಿದರೆ ಗ್ರಹಣದ ಮುಳ್ಳೂ ದೇವರ ಉತ್ಸವದ ಮುಳ್ಳೂ ಒಟ್ಟಿಗೇ ಚಲಿಸುತ್ತಿದ್ದವು.